ಬೋರ್ಡಿನ ಸೂಲಗಿತ್ತಿಯಾಗಿದ್ದ ಒಂದು ವರ್ಷ

ಹೋದ ಬೇಸಗೆಯಲ್ಲಿ ತಮ್ಮನ ಮಗನ ಜೊತೆ ತಮಿಳು ಸೀಮೆಯ ತೇನಿಯಿಂದ ಕಂಬಂ ಊರಿನ ಕಡೆಗೆ ಬಸ್ಸಿನಲ್ಲಿ ಹೊರಟಿದ್ದೆ. ಉತ್ತಮಪಾಳಯದಲ್ಲಿ ಬಸ್ಸು ನಿಂತಾಗ ರಸ್ತೆಯ ಪಕ್ಕದ ಆಸ್ಪತ್ರೆಯಿಂದ ಹೆಂಗಸೊಬ್ಬಳು ಬಂದು ನೆಲ ತೊಳೆದ ನೀರನ್ನು ಮೋರಿಗೆ ಸುರಿದು ಹೋದಳು. ಕಾರ್ಬಾಲಿಕ್ ಮದ್ದಿನ ವಾಸನೆ ಕಿಟಕಿಯೊಳಗೆ ಬಂತು. ಮೈಸೂರು ಸೀಮೆಯ ಹೆರಿಗೆ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಕೆಲಸ ಮಾಡಿದವಳು ನಾನು. ಆ ವಾಸನೆಯಲ್ಲೇ ಉಂಡು ಆ ವಾಸನೆಯಲ್ಲೇ ಮಲಗಿ ಎದ್ದಿದ್ದೇನೆ. ಅಲ್ಲಿ ಎಂದೂ ಅದು ನನ್ನನ್ನು ಏನೂ ಮಾಡಿರಲಿಲ್ಲ. ಇಲ್ಲಿ, ಹೊಳೆಯ ಕಡೆಯಿಂದ ಬೀಸುವ ಗಾಳಿಯಲ್ಲಿ ಬೆರೆತು ಬಂದಾಗ ನಾನು ಸೆರಗನ್ನು ಮೂಗಿಗೆ ಒತ್ತಿಕೊಂಡೆ. ಹುಡುಗ ನನ್ನ ಮುಖ ನೋಡಿ, ನೀರು ಬೇಕೇ ಅತ್ತೆ ಎಂದು ಕೇಳಿದ. ಬೇಡವೆಂದೆ. ಅವನಿಗೆ ಬಸ್ಸಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಊರು ಉತ್ತಮಪಾಳಯ ದಾಟಿ ಕಂಬಂಗೆ ಹೋಗುವ ದಾರಿಯಲ್ಲಿ, ಹೊಳೆಗೆ ಹತ್ತಿರ. ನಮ್ಮ ಹಿರಿಯರು ಯಾವ ಕಾಲದಲ್ಲಿ ಕನ್ನಡ ನಾಡು ಬಿಟ್ಟು ಇಲ್ಲಿಗೆ ಬಂದು ನೇಗಿಲು ಹಿಡಿದರೋ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು, ಕಾಗದದ ಮೇಲೆ ತಮಿಳೇ. ಈ ಕನ್ನಡ ಅಕ್ಷರಗಳನ್ನು ನಾನು ಕಲಿತದ್ದು ಮೈಸೂರಿಗೆ ಹೋದ ಮೇಲೆ. ಹದಿನಾಲ್ಕಕ್ಕೆ ನನ್ನ ಮದುವೆಯಾಯಿತು. ಹದಿನೇಳಕ್ಕೆ ಹೆತ್ತ ಮಗು ಉಸಿರಾಡಲಿಲ್ಲ. ಹತ್ತೊಂಬತ್ತಕ್ಕೆ ಗಂಡ ವಾಂತಿಭೇದಿಯಲ್ಲಿ ಒಂದೇ ಹಗಲಿನಲ್ಲಿ ಹೋದ. ತವರಿಗೆ ಬಂದು ಅಮ್ಮನ ಜೊತೆ ಭತ್ತ ಕುಟ್ಟುತ್ತಾ ಕೂತೆ.

ನನ್ನನ್ನು ಅಲ್ಲಿಂದ ಎಬ್ಬಿಸಿದವರು ಸೋದರಮಾವ ಬೊಮ್ಮಯ್ಯ ಗೌಡರು. ನಾಲ್ಕೈದು ಹಳ್ಳಿಗಳನ್ನು ಸೇರಿಸಿ ಸರ್ಕಾರ ಒಂದು ಯೂನಿಯನ್ ಮಾಡಿತ್ತು. ಅದಕ್ಕೆ ಅವರೇ ಚೇರ್ಮನ್ನರು. ಅವರ ವಿಷಯದಲ್ಲಿ ನಾನು ಇಂದಿಗೂ ಸುಳ್ಳು ಹೇಳಲಾರೆ, ಅವರು ಕೆಲಸ ಮಾಡಿದ ಮನುಷ್ಯ. ಬೆಳಗಾದರೆ ಕೈಯಲ್ಲೊಂದು ಕೋಲು ಹಿಡಿದು ಬೀದಿ ಬೀದಿ ಸುತ್ತುತ್ತಿದ್ದರು. ಮನೆಗಳ ಮುಂದಿನ ತಿಪ್ಪೆಗಳನ್ನು ಊರಾಚೆಗೆ ಸಾಗಿಸಿದರು. ಕುಡಿಯುವ ಕೆರೆಗೆ ಎಮ್ಮೆ ಇಳಿಯದಂತೆ ಮುಳ್ಳುಬೇಲಿ ಹಾಕಿಸಿದರು. ತಾಲೂಕು ಬೋರ್ಡಿನ ಬೆನ್ನು ಬಿದ್ದು ಊರ ನಡುವೆ ಕಲ್ಲುಕಟ್ಟೆಯ ಬಾವಿ ತೋಡಿಸಿದರು. ಮನೆ ತೆರಿಗೆ ಕೊಡಲು ಗೊಣಗುವವರ ಜಗಲಿಯ ಮೇಲೆ ತಾವೇ ಹೋಗಿ ಕೂತು, ನಾವು ಕೊಟ್ಟದ್ದು ದೊರೆಗಳ ಗಾಡಿ ಓಡುವ ರಸ್ತೆಗೇ ಸುರಿದುಹೋಗಬಾರದು, ನೀರಾಗಿ ಮದ್ದಾಗಿ ನಮ್ಮ ಬೀದಿಗೆ ವಾಪಸು ಬರಬೇಕು ಎಂದು ತಿಳಿಸಿ ಹೇಳುತ್ತಿದ್ದರು. ಕೂಲಿ ಮಾಡುವ ಮನೆಯ ಹೆಣ್ಣು ಹೆರಿಗೆಯಲ್ಲಿ ಸತ್ತರೆ ಆ ಮನೆ ಮೂರು ವರ್ಷ ಮೇಲೇಳುವುದಿಲ್ಲ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಅವರ ಬಾಯಿಂದ.

ಬೋರ್ಡಿನವರು ನಮ್ಮ ಕಣಿವೆಯ ಒಬ್ಬ ಹೆಂಗಸನ್ನು ದಿಂಡಿಗಲ್ಲಿಗೆ ಕಳುಹಿಸಿ ಹೆರಿಗೆಯ ಕೆಲಸ ಕಲಿಸುವುದೆಂದು ನಿಶ್ಚಯಿಸಿದಾಗ ಮಾಮ ನನ್ನ ಹೆಸರು ಕೊಟ್ಟರು. ಓದು ಬಲ್ಲವಳೇ ಆಗಬೇಕು ಎಂದಿದ್ದರಿಂದ ಶಾಲೆಯ ಉಪಾಧ್ಯಾಯರನ್ನು ಕರೆಸಿ, ತಮ್ಮ ಜಗಲಿಯಲ್ಲೇ ಆರು ತಿಂಗಳು ನನಗೆ ತಮಿಳು ಅಕ್ಷರ ಹೇಳಿಸಿದರು. ಕುಲದವರು ಮುಖ ಸಿಂಡರಿಸಿದರು. ಒಕ್ಕಲು ಮನೆಯ ಹೆಣ್ಣು ಕಂಡವರ ಸೂತಕ ಮುಟ್ಟುವುದೇ ಎಂದು ಅಮ್ಮನೂ ಅತ್ತಳು. ಮಾಮ ಕುಲದ ಕೂಟದಲ್ಲಿ ಎದ್ದು ನಿಂತು, ಇವಳ ಮಗು ಮುಟ್ಟುವ ಕೈಯೇ ಇಲ್ಲದೆ ಸತ್ತಿತಲ್ಲ, ಆಗ ನಿಮ್ಮ ಮಡಿ ಯಾರನ್ನು ಉಳಿಸಿತು ಎಂದು ಕೇಳಿದರಂತೆ. 

ದಿಂಡಿಗಲ್ಲಿನ ಆ ವರ್ಷವನ್ನು ಬೇರೆಯಾಗಿಯೇ ಬರೆಯಬೇಕು. ಬೋಳು ಬಂಡೆಯ ಬೆಟ್ಟ, ಅದರ ಕೆಳಗೆ ಚರ್ಮ ಹದ ಮಾಡುವವರ ಕೇರಿಯಿಂದ ಬರುವ ಗಬ್ಬು, ಬೀದಿಬೀದಿಯಲ್ಲಿ ಚುಟ್ಟಾ ಸುತ್ತಲು ಒಣಹಾಕಿದ ಹೊಗೆಸೊಪ್ಪು. ಆಸ್ಪತ್ರೆಯ ದೊರೆಸಾನಿ ಡಾಕ್ಟರು ಮೊದಲ ಎರಡು ತಿಂಗಳು ಕೈ ತೊಳೆಯುವುದನ್ನು ಬಿಟ್ಟು ಬೇರೇನನ್ನೂ ಕಲಿಸಲಿಲ್ಲ. ಉಗುರು ಕತ್ತರಿಸುವುದು, ನೂಲು ಕುದಿಸುವುದು, ಹೊಟ್ಟೆ ಮುಟ್ಟಿ ಮಗುವಿನ ತಲೆ ಎಲ್ಲಿ ಬೆನ್ನು ಎಲ್ಲಿ ಎಂದು ತಿಳಿಯುವುದು ಆಮೇಲೆ ಬಂದವು. ಎಲ್ಲಕ್ಕಿಂತ ಗಟ್ಟಿಯಾಗಿ ಅವರು ನಮ್ಮ ತಲೆಗೆ ಹಾಕಿದ್ದು ಒಂದೇ. ಇದು ನನ್ನ ಕೈಯಲ್ಲಿ ಆಗುವುದಲ್ಲ, ಡಾಕ್ಟರಲ್ಲಿಗೆ ಒಯ್ಯಿರಿ ಎಂದು ಹೊತ್ತು ಮೀರುವ ಮೊದಲೇ ಹೇಳಬೇಕು. ಹಾಗೆ ಹೇಳಲು ಹೆದರುವವಳು ಈ ಕೆಲಸಕ್ಕೆ ಬರಬಾರದು.

ಆಡಿ ತಿಂಗಳ, ಎಂದರೆ ಆಷಾಢದ, ಗಾಳಿ ಕಣಿವೆಯಲ್ಲಿ ಬಾಳೆಯ ಎಲೆಗಳನ್ನೆಲ್ಲ ಸೀಳಿ ಹಾಕುತ್ತಿದ್ದ ದಿನಗಳಲ್ಲಿ ನಾನು ಊರಿಗೆ ಮರಳಿದೆ. ಆ ವರ್ಷವೇ ಮಲೆಯಾಚೆಯ ಪೆರಿಯಾರಿನ ನೀರು ಬೆಟ್ಟದೊಳಗಿನ ಸುರಂಗ ದಾಟಿ ನಮ್ಮ ಹೊಳೆಗೆ ಇಳಿಯಲಿದೆ ಎಂದು ಎಲ್ಲರೂ ಕಾದಿದ್ದರು. ಬೋರ್ಡಿನವರು ಕೊಟ್ಟ ತಗಡಿನ ಪೆಟ್ಟಿಗೆ, ಅದರಲ್ಲಿ ಕತ್ತರಿ, ನೂಲು, ಸಾಬೂನು, ಕಾರ್ಬಾಲಿಕ್ಕಿನ ಸೀಸೆ. ನನಗೆ ಆಗ ಇಪ್ಪತ್ತೆರಡು.

ಒಂದು ತಿಂಗಳು ಯಾರೂ ನನ್ನನ್ನು ಕರೆಯಲಿಲ್ಲ. ಊರಿಗೆ ವೀರಾಯಿ ಇದ್ದಳು. ಕ್ಷೌರಿಕರ ಮನೆಯ ವಿಧವೆ, ಅರುವತ್ತರ ಹತ್ತಿರದ ವಯಸ್ಸು. ಊರಿನ ಮುಕ್ಕಾಲು ಪಾಲು ಜನ ಅವಳ ಕೈಮೇಲೆ ಇಳಿದವರು, ನಾನೂ. ಸಂಬಳವೆಂದು ಅವಳಿಗೆ ಯಾರೂ ಕೊಡುತ್ತಿರಲಿಲ್ಲ. ಸುಗ್ಗಿಯಲ್ಲಿ ಒಂದೊಂದು ಕಣದಿಂದಲೂ ಸಿಗುವ ಕಾಳಿನ ಪಾಲೇ ಅವಳ ಇಡೀ ವರ್ಷದ ಊಟ. ಅವಳ ಮನೆಮಾತು ತಮಿಳು. ಆದರೆ ನಮ್ಮ ಬೀದಿಯಲ್ಲಿ ನಮ್ಮ ಮಾತನ್ನೇ, ತಮಿಳಿನ ರಾಗ ಎಳೆದು ಆಡುತ್ತಿದ್ದಳು. ದಾರಿಯಲ್ಲಿ ಎದುರಾದರೆ ನನಗೆ ಕೈ ಮುಗಿದು, ಮಾತಾಡದೆ ಪಕ್ಕಕ್ಕೆ ಸರಿದು ಹೋಗುತ್ತಿದ್ದಳು.

ಆವಣಿ ತಿಂಗಳಲ್ಲಿ ಕೂಲಿಯವರ ಬೀದಿಯಲ್ಲಿ ಒಬ್ಬಳಿಗೆ ಹೆರಿಗೆಯಾಗಿ ರಕ್ತ ನಿಲ್ಲದೆ, ಅವಳ ಗಂಡ ದಿಕ್ಕು ತೋಚದೆ ಇಬ್ಬರನ್ನೂ ಕರೆದ. ನಾನು ಹೋದಾಗ ವೀರಾಯಿ ಹೊಟ್ಟೆಯನ್ನು ಮೇಲಿನಿಂದ ಹಿಡಿದು ನೀವುತ್ತಿದ್ದಳು. ದಿಂಡಿಗಲ್ಲಿನಲ್ಲಿ ದೊರೆಸಾನಿ ಕಲಿಸಿದ್ದು ಅದನ್ನೇ. ಯಾರೂ ಕಲಿಸದೆ ಅವಳಿಗೆ ಅದು ತಿಳಿದಿತ್ತು. ನಾನು ಕೈ ತೊಳೆದು ಪಕ್ಕದಲ್ಲಿ ಕೂತೆ. ಇಬ್ಬರೂ ಸರದಿಯ ಮೇಲೆ ನೀವಿದೆವು. ಮಧ್ಯಾಹ್ನದ ಹೊತ್ತಿಗೆ ರಕ್ತ ನಿಂತಿತು. ಹೊರಗೆ ಬಂದ ಮೇಲೆ ವೀರಾಯಿ ನನ್ನ ಸಾಬೂನನ್ನು ಇಸಕೊಂಡು ಮೂಸಿ ನೋಡಿ, ಇದರಲ್ಲಿ ಒಂದು ತುಂಡು ನನಗೂ ಕೊಡುವಿರಾ ಅಮ್ಮಣಿ ಎಂದು ಕೇಳಿದಳು. ಮಾರನೆಯ ದಿನ ನೋಡಿದರೆ ಉಗುರು ಕತ್ತರಿಸಿಕೊಂಡಿದ್ದಳು.

ಅಲ್ಲಿಂದ ನಾವಿಬ್ಬರೂ ಒಟ್ಟಿಗೆ ಹೋಗತೊಡಗಿದೆವು. ಅವಳು ಬಾಗಿಲಲ್ಲಿ ನಿಂತರೆ ನನ್ನನ್ನೂ ಒಳಗೆ ಬಿಡುತ್ತಿದ್ದರು. ಯಾವ ಮನೆಯ ಹೆಣ್ಣಿಗೆ ಹಿಂದಿನ ಹೆರಿಗೆ ಹೇಗಾಗಿತ್ತು, ಯಾರಿಗೆ ಬೇಗ, ಯಾರಿಗೆ ತಡ ಎಂದು ಅವಳು ನಡೆಯುತ್ತಾ ಹೇಳುತ್ತಿದ್ದಳು. ನಾನು ಕೇಳುತ್ತಾ ಹೋಗುತ್ತಿದ್ದೆ. ನೋವಿನಲ್ಲಿರುವವಳ ಹತ್ತಿರ ಸುಮ್ಮನೆ ಕೂರುವುದನ್ನು ನಾನು ಅವಳಿಂದ ಕಲಿತೆ. ಐಪ್ಪಸಿ ತಿಂಗಳ ಮಳೆ ಹಿಡಿದು ಬೀದಿಯೆಲ್ಲ ಕೆಸರಾದಾಗ ನನ್ನ ಪೆಟ್ಟಿಗೆಯನ್ನು ಅವಳು ತಲೆಯ ಮೇಲೆ ಹೊತ್ತು ತರುತ್ತಿದ್ದಳು. ಊರಿಗೆ ಊರೇ ಅವಳನ್ನು ಹೆಸರು ಹಿಡಿದು ಕೂಗುತ್ತಿತ್ತು. ನಾನು ಅವ್ವ ಎಂದು ಕರೆಯತೊಡಗಿದೆ. ಅವಳೂ ಬಹುವಚನ ಬಿಟ್ಟು ನೀನು ಎನ್ನತೊಡಗಿದಳು. ಆ ತಿಂಗಳು ಮುಗಿಯುವವರೆಗೆ ನಮ್ಮ ಕೈಯಲ್ಲಿ ಒಬ್ಬ ತಾಯಿಯೂ ಸಾಯಲಿಲ್ಲ. ಬೋರ್ಡಿನಿಂದ ವೀರಾಯಿಗೂ ಏನಾದರೂ ಸಂಬಳ ಗೊತ್ತು ಮಾಡಿಸಿ ಎಂದು ಮಾಮನನ್ನು ಕೇಳಿದೆ. ಮಾಡಿಸೋಣ ಎಂದರು. ಬೆಟ್ಟದ ನೀರು ಹೊಳೆಗಿಳಿದಾಗ ಊರೆಲ್ಲ ದಡಕ್ಕೆ ಓಡಿತು. ಕೆಂಪಗೆ, ನೊರೆ ಕಟ್ಟಿಕೊಂಡು ಬರುತ್ತಿದ್ದ ಆ ನೀರನ್ನು ನೋಡುತ್ತಾ ಮಾಮ, ಇನ್ನು ನಮ್ಮ ಜನಕ್ಕೆ ಬಡತನವಿಲ್ಲ ಎಂದರು. ನಾನು ಅದನ್ನು ಅಕ್ಷರಶಃ ನಂಬಿದೆ.

ಕಾರ್ತಿಕದಲ್ಲಿ ಬೋರ್ಡಿನ ಹಿರಿಯ ಅಧಿಕಾರಿ ನಮ್ಮ ಯೂನಿಯನ್ ನೋಡಲು ಬರುವರೆಂದೂ ಜೊತೆಯಲ್ಲಿ ಜಿಲ್ಲೆಯ ದೊಡ್ಡ ಡಾಕ್ಟರು ದೊರೆಯೂ ಇರುವರೆಂದೂ ಸುದ್ದಿ ಬಂತು. ಮಾಮ ಹದಿನೈದು ದಿನ ನಿದ್ದೆಗೆಟ್ಟರು. ಮೋರಿಗಳಿಗೆ ಸುಣ್ಣ ಎರಚಿಸಿದರು. ಬಾವಿಯ ಕಟ್ಟೆಗೂ ಸುಣ್ಣ ಬಳಿಸಿದರು.

ಬರುವ ದಿನದ ಬೆಳಗಿನ ಜಾವಕ್ಕೆ ಮಾಮನ ಸೊಸೆ ಚಿನ್ನಮ್ಮನಿಗೆ ನೋವು ಬಂತು. ಹದಿನೆಂಟು ವರ್ಷದ ಹುಡುಗಿ, ಮೊದಲ ಬಸಿರು; ತವರಿನಲ್ಲಿ ತಾಯಿಯಿಲ್ಲದೆ ಇಲ್ಲೇ ಉಳಿದಿದ್ದಳು. ನನ್ನ ಜಡೆಯ ಉದ್ದವನ್ನು ತನ್ನ ಜಡೆಯ ಜೊತೆ ಅಳೆದು ನೋಡಿ ನಗುತ್ತಿದ್ದವಳು. ನಾನೂ ವೀರಾಯಿಯೂ ಹೋದೆವು. ಬೆಳಕು ಹರಿದ ಮೇಲೆ ಹೊಟ್ಟೆ ಮುಟ್ಟಿದೆ. ತಲೆ ಇರಬೇಕಾದ ಕಡೆ ತಲೆ ಇರಲಿಲ್ಲ. ವೀರಾಯಿಯನ್ನೂ ಮುಟ್ಟಲು ಹೇಳಿದೆ. ಅವಳು ಮುಟ್ಟಿ, ನನ್ನ ಮುಖ ನೋಡಿ, ಬಾಗಿಲ ಕಡೆಗೆ ಗದ್ದ ಎತ್ತಿದಳು. ನಾನು ಬಾವಿಯ ಬಳಿಗೆ ಓಡಿದೆ. ಮಾಮ ಕಟ್ಟೆಯ ಸುತ್ತ ಹೊಸ ಮರಳು ಹರಡಿಸುತ್ತಿದ್ದರು.

“ಮಾಮ, ಮಗು ಅಡ್ಡ ಬಿದ್ದದೆ. ಇದು ನನ್ನ ಕೈಲಿ ಆಗಾದಲ್ಲ. ಗಾಡಿ ಕಟ್ಸಿ, ಉತ್ತಮಪಾಳಯದ ಆಸ್ಪತ್ರಿಗೆ ಹೋಗಾವ” ಎಂದೆ.

ಅವರು ಕೆಲಸದವರಿಂದ ದೂರಕ್ಕೆ ನನ್ನನ್ನು ಕರೆದುಕೊಂಡು ಹೋದರು.

“ದೊರೆ ಬರೋ ದಾರಿ ಅದೇ ಅಲ್ವಾ, ನನ್ನ ಕಣ್ಣೇ? ನನ್ನ ಊರಲ್ಲಿ ಎಲ್ಲಾ ಹೆರಿಗೆನೂ ಮನೇಲೇ ಸುಕವಾಗಿ ಆಯ್ತದೆ ಅಂತ ಬೋರ್ಡಿಗೆ ಬರ್ದಿವ್ನಿ. ಇವತ್ತೇ, ಅವರ ಕಣ್ಣೆದುರೇ, ನನ್ನ ಮನೆ ಸೊಸೆ ಗಂಡಸು ಡಾಕ್ಟರ ಹತ್ರ ಗಾಡೀಲಿ ಹೋದ್ರೆ ಹೆಂಗೆ? ಅವರು ಬಂದು ಹೋಗ್ಲಿ. ಅಪ್ಪುರ ಗಾಡಿ ನಾನೇ ಕಟ್ಸ್ತೀನಿ.”

ಎಷ್ಟು ಹೊತ್ತಾಗುತ್ತದೋ ಎಂದೆ. ಒಂದು ಗಳಿಗೆ ಎಂದರು. ನಾನು ಇನ್ನೊಂದು ಮಾತು ಆಡಬೇಕಿತ್ತು. ಆಡಲಿಲ್ಲ. ನನಗೆ ಅಕ್ಷರ ಹೇಳಿಸಿದವರು, ಕುಲದ ಮುಂದೆ ನನ್ನ ಪರವಾಗಿ ನಿಂತವರು ಅವರು. ಹೇಳಿದಂತೆ ನಡೆಯುತ್ತಾರೆ ಎಂದು ನಂಬಿ ಹಿಂದಕ್ಕೆ ಬಂದೆ.

ಅಧಿಕಾರಿಗಳು ಬಂದದ್ದು ಹೊತ್ತು ನೆತ್ತಿಗೇರಿದ ಮೇಲೆ. ಹನಿ ಮಳೆ. ಮಾಮ ಅವರಿಗೆ ಬೀದಿ ತೋರಿಸಿದರು, ಕೆರೆಯ ಬೇಲಿ ತೋರಿಸಿದರು, ಬಾವಿಯ ನೀರು ಸೇದಿಸಿ ಬೆಳ್ಳಿ ಲೋಟದಲ್ಲಿ ಕೊಟ್ಟರು. ಒಳಗೆ ಚಿನ್ನಮ್ಮನ ಕೂಗು ಹೊರಗೆ ಕೇಳಿಸಬಾರದೆಂದು ಅತ್ತೆ, ಎಂದರೆ ಮಾಮನ ಹೆಂಡತಿ, ಸೀರೆಯ ಚೂರು ಮಡಿಸಿ ಅವಳ ಬಾಯಿಗೆ ಕೊಡು ಎಂದು ವೀರಾಯಿಗೆ ಹೇಳಿದರು. ವೀರಾಯಿ ಆಗುವುದಿಲ್ಲ ಎಂದಳು. ಆ ಮನೆಯಲ್ಲಿ ಅವಳು ಹಾಗೆಂದದ್ದು ಅದೇ ಮೊದಲಿರಬೇಕು. ಅತ್ತೆ ತಾವೇ ಇಟ್ಟು ಒತ್ತಿ ಹಿಡಿದರು. ಚಿನ್ನಮ್ಮನ ಓರಗಿತ್ತಿಯರು ಇಬ್ಬರು ಅವಳ ಕಾಲು ಹಿಡಿದಿದ್ದರು.

ಅಷ್ಟರಲ್ಲಿ ನನ್ನನ್ನು ಹೊರಗೆ ಕರೆದರು. ಬೋರ್ಡಿನ ಸೂಲಗಿತ್ತಿಯನ್ನು ದೊರೆ ನೋಡಬೇಕಂತೆ. ಕೈ ತೊಳೆದು ಹೋಗಿ ನಿಂತೆ. ದೊಡ್ಡ ಡಾಕ್ಟರು ನನ್ನ ಉಗುರುಗಳನ್ನು ನೋಡಿ ಸಂತೋಷಪಟ್ಟರು. ಈಗ ಊರಿನಲ್ಲಿ ಯಾರಿಗಾದರೂ ನೋವು ಬಂದಿದೆಯೇ ಎಂದು ಪಕ್ಕದ ಗುಮಾಸ್ತನ ಮೂಲಕ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಾಮ, ಈ ವಾರ ಯಾರೂ ಇಲ್ಲ ಎಂದರು. ಡಾಕ್ಟರು ಆದರೂ ನನ್ನ ಮುಖವನ್ನೇ ನೋಡುತ್ತಾ ನಿಂತರು. ಬಹಳ ಹೊತ್ತೇನಲ್ಲ. ಆದರೆ ನನಗೆ ಮಾತಾಡಲು ಅದು ಸಾಕಾಗಿತ್ತು. ಅಡ್ಡ ಬಿದ್ದ ಮಗುವನ್ನು ತಿರುಗಿಸಬಲ್ಲ ಕೈ ನನ್ನಿಂದ ಎರಡು ಮಾರು ದೂರದಲ್ಲಿತ್ತು. ಚಿನ್ನಮ್ಮ ಒಂದು ಗೋಡೆಯ ಆಚೆಗಿದ್ದಳು. ನಾನು ತಲೆ ಬಗ್ಗಿಸಿದೆ. ಹೌದೆಂದು ತಲೆಯಾಡಿಸಿದಂತೆ ಅವರಿಗೆ ಕಂಡಿರಬೇಕು. ಮುಂದಕ್ಕೆ ಹೋದರು.

ಅವರು ಎಳನೀರು ಕುಡಿದು, ಪುಸ್ತಕದಲ್ಲಿ ಹೊಗಳಿ ಬರೆದು ಹೊರಟ ಮೇಲೆ ಗಾಡಿ ಕಟ್ಟಿದರು. ಚಿನ್ನಮ್ಮನ ತಲೆ ನನ್ನ ತೊಡೆಯ ಮೇಲೆ, ಕಾಲು ವೀರಾಯಿಯ ತೊಡೆಯ ಮೇಲೆ. ದಾರಿ ಅರ್ಧ ಮುಗಿಯುವಷ್ಟರಲ್ಲಿ ಅವಳ ಕೈ ನನ್ನ ಕೈಯಿಂದ ಜಾರಿತು. ವೀರಾಯಿ ಎದೆಗೆ ಕಿವಿಯಿಟ್ಟು ನೋಡಿ, ಗಾಡಿ ತಿರುಗಿಸಲು ಹೇಳಿದಳು.

ಮಾಮ ಅತ್ತರು. ಅದು ನಾಟಕವಲ್ಲ. ಮೂರು ದಿನ ಅನ್ನ ಮುಟ್ಟಲಿಲ್ಲ. ಆದರೆ ನಮ್ಮ ಗಾಡಿಯನ್ನು ರಸ್ತೆಯಲ್ಲಿ ಕಂಡವರಿದ್ದರು. ಸಾವನ್ನು ಸರ್ಕಾರದ ಪುಸ್ತಕದಲ್ಲಿ ಬರೆಸಲೇಬೇಕಿತ್ತು. ತಾವು ಊರಿಗೆ ಬಂದ ದಿನವೇ, ಚೇರ್ಮನ್ನರ ಮನೆಯಲ್ಲೇ ಹೆರಿಗೆಯಲ್ಲಿ ಒಬ್ಬಳು ಸತ್ತದ್ದು ಹೇಗೆ ಎಂದು ದೊಡ್ಡ ಡಾಕ್ಟರು ಕಾಗದ ಬರೆದು ಕೇಳಿದರು.

ತಿಥಿಯೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಮಾಮ ನನ್ನನ್ನು ಕರೆಸಿದರು. ಮುಂದೆ ಎರಡು ಹಾಳೆ, ಒಂದು ತಮಿಳಿನದು, ಒಂದು ಇಂಗ್ಲಿಷಿನದು. ತಮಿಳಿನದನ್ನು ಓದಿದೆ. ದೊರೆಗಳು ಹೋದ ಮೇಲೆ ನೋವು ಶುರುವಾಯಿತು, ಮನೆಯ ಹೆಂಗಸರು ತಿಳಿಯದೆ ವೀರಾಯಿ ಎಂಬವಳನ್ನು ಕರೆದರು, ಅವಳು ಮಗುವಿನ ಕೈ ಹಿಡಿದು ಎಳೆದಳು, ಅದರಿಂದ ಸಾವು ಬಂತು ಎಂದಿತ್ತು. ಇಂಗ್ಲಿಷಿನದು ಏನು ಎಂದು ಕೇಳಿದೆ. ಇದೇ, ದೊರೆಗಳಿಗಾಗಿ ಆ ಭಾಷೆಯಲ್ಲಿ ಎಂದರು.

“ಇದು ನಿಜ ಅಲ್ಲ ಮಾಮ” ಎಂದೆ.

“ನಿಜ ಬರೆದ್ರೆ ನಾನು ಹೋಯ್ತೀನಿ, ಹೋಗ್ಲಿ. ನಿನ್ನ ಕೆಲಸಾನೂ ಹೋಯ್ತದೆ. ದೊರೆ ಕೇಳ್ದಾಗ ನೀನೂ ಸುಮ್ಮನಿದ್ದೆ ಅಲ್ವಾ? ಇನ್ನು ಈ ತಾಲೂಕಿಂದ ಒಂದು ಹೆಣ್ಣನ್ನೂ ಕಲಿಯಾಕೆ ಕಳಿಸಾಕಿಲ್ಲ ಬೋರ್ಡು. ವೀರಾಯಿ ಮುದುಕಿ, ಅವಳ್ನ ಏನು ಮಾಡ್ತಾರೆ, ಒಂದು ಮಾತು ಬೈತಾರೆ. ಅವಳ ಊಟ ನನ್ನ ಪಾಲು. ಕೈಯೆಳುತ್ತು ಹಾಕು ತಾಯೀ.”

 ಮುಂದೆ ಹೆರಲಿರುವ ಹೆಂಗಸರ ಮುಖಗಳನ್ನು ನೆನೆದೆ. ಕೆಲಸ ಹೋದರೆ ಮತ್ತೆ ಹಿಡಿಯಬೇಕಾದ ಭತ್ತದ ಒನಕೆಯನ್ನೂ ನೆನೆದೆ, ಅದನ್ನು ಮುಚ್ಚಿಡುವುದಿಲ್ಲ. ಎರಡು ಹಾಳೆಗೂ ಸಹಿ ಹಾಕಿದೆ. ಅವರು ಹೇಳಿಸಿಕೊಟ್ಟ ಅಕ್ಷರಗಳಲ್ಲೇ ನನ್ನ ಹೆಸರು ಬರೆದೆ.

ವೀರಾಯಿಗೆ ಅದನ್ನು ಹೇಳಲಿಲ್ಲ. ಮಾರ್ಗಳಿ ತಿಂಗಳ ಮಂಜಿನಲ್ಲಿ ಎಂದಿನಂತೆ ಇಬ್ಬರೂ ಎರಡು ಹೆರಿಗೆ ಮಾಡಿಸಿದೆವು. ಯಾವ ಯಾವ ಮನೆಯಲ್ಲಿ ಯಾರಿಗೆ ಯಾವ ತಿಂಗಳು ಎಂದು ಅವಳು ಲೆಕ್ಕ ಹಾಕುತ್ತಿದ್ದಳು. ಕೂಲಿಯವರ ಬೀದಿಯ ಪೇಚಿಗೆ ಪಂಗುಣಿ ತಿಂಗಳಲ್ಲಿ, ಅವಳ ಹತ್ತಿರ ನಾವಿಬ್ಬರೂ ಇರಬೇಕು, ಮೊದಲನೆಯದು ಕಾಲು ಮುಂದಾಗಿ ಬಂದಿತ್ತು ಎಂದಳು. ನಾನು ಹೂಂ ಎಂದೆ.

ತೈ ತಿಂಗಳು ಹುಟ್ಟಿದ ವಾರದಲ್ಲಿ ಬೋರ್ಡಿನ ಆಜ್ಞೆ ಬಂತು. ಮಾಮ ಪೆರಿಯಕುಳಕ್ಕೆ ಹೋಗಿದ್ದರು. ಯೂನಿಯನ್ನಿನ ಗುಮಾಸ್ತ ಜಗಲಿಯಲ್ಲಿ ಕೂತು, ನನ್ನ ಕಡೆ ನೋಡದೆ, ಅದನ್ನು ತಮಿಳಿನಲ್ಲಿ ತಿಳಿಸಿದ. ವೀರಾಯಿ ಎಂಬವಳು ಇನ್ನು ಯಾವ ಹೆರಿಗೆಗೂ ಹೋಗಕೂಡದು, ಹೋದರೆ ದಂಡ. ಗ್ರಾಮದಿಂದ ಅವಳಿಗೆ ಸಲ್ಲುವ ಪಾಲು ನಿಲ್ಲಿಸತಕ್ಕದ್ದು. ಬೋರ್ಡಿನ ಸೂಲಗಿತ್ತಿಯು, ಕರೆ ಬಂದರೂ ಹೊತ್ತು ಮೀರಿ ಬಂದೆನೆಂದು ತಾನೇ ಒಪ್ಪಿ ಸಹಿ ಹಾಕಿರುವುದರಿಂದ, ಆ ಹುದ್ದೆಯನ್ನು ತೆಗೆದುಹಾಕಲಾಗಿದೆ.

ನಾನು ಹಾಗೆ ಒಪ್ಪಲಿಲ್ಲ ಎಂದೆ. ಗುಮಾಸ್ತ ಇಂಗ್ಲಿಷ್ ಹಾಳೆಯ ನಕಲು ತೆಗೆದು ತೋರಿಸಿದ. ಎಲ್ಲಿ ಬರೆದಿದೆ ಎಂದು ಕೇಳಿದೆ. ಅವನು ಒಂದು ಸಾಲಿನ ಮೇಲೆ ಬೆರಳಿಟ್ಟ. ನನಗೆ ಅದು ಇರುವೆಗಳ ಸಾಲಿನಂತೆ ಕಂಡಿತು. ಈ ಹಾಳೆಯನ್ನು ಇಂಗ್ಲಿಷಿಗೆ ಮಾಡಿದವನು ತಾನೇ, ಚೇರ್ಮನ್ನರು ಹೇಳಿದಂತೆ ಬರೆದೆ, ತನಗೂ ಮಕ್ಕಳಿದ್ದಾರೆ ಎಂದ.

ಮಾಮ ಬರುವವರೆಗೂ ನಾನು ಜಗಲಿಯಿಂದ ಏಳಲಿಲ್ಲ. ಅವರು ಗಾಡಿಯಿಂದಿಳಿದು ನನ್ನನ್ನು ನೋಡಿದ ಕೂಡಲೇ ಅವರಿಗೆ ವಿಷಯ ತಿಳಿಯಿತು. ಕಾಲು ತೊಳೆದುಕೊಂಡು ಬಂದು ಎದುರಿಗೆ ಕೂತರು. ನನ್ನ ಮೇಲೂ ಯಾಕೆ ಬರೆಸಿದಿರಿ ಎಂದೆ. ಮುದುಕಿ ಒಬ್ಬಳ ಮೇಲೇ ದೂರು ಹಾಕಿದ್ದರೆ ದೊರೆ ಒಪ್ಪುತ್ತಿರಲಿಲ್ಲ ಎಂದರು. ಬೋರ್ಡಿನ ಹೆಂಗಸು ಎಲ್ಲಿದ್ದಳು ಎಂದು ದೊರೆ ಕೇಳಿಯೇ ಕೇಳುತ್ತಿದ್ದರಂತೆ. ಮತ್ತೆ, ನಾನು ಹುದ್ದೆಯಿಂದ ಹೋಗಿದ್ದರೆ ಬಾವಿ ಯಾರು ನೋಡಿಕೊಳ್ಳುತ್ತಿದ್ದರು, ಬೀದಿ ಯಾರು ನೋಡಿಕೊಳ್ಳುತ್ತಿದ್ದರು, ಒಬ್ಬಳ ಕೆಲಸ ದೊಡ್ಡದೋ ಐದು ಹಳ್ಳಿ ದೊಡ್ಡದೋ ಎಂದು ಕೇಳಿದರು. ಅವರು ಅದನ್ನು ನಂಬಿದ್ದರು. ಆ ವರ್ಷ ಸುತ್ತಲ ಊರುಗಳಿಗೆಲ್ಲ ವಾಂತಿಭೇದಿ ಬಂದಾಗ, ಆ ಬಾವಿಯ ನೀರು ಕುಡಿದ ನಮ್ಮ ಬೀದಿಗಳಿಗೆ ಅದು ಬರಲಿಲ್ಲ ಎಂಬುದೂ ನಿಜ.  ಅವರು ಬರಿಯ ಕೆಟ್ಟ ಮನುಷ್ಯರಾಗಿದ್ದರೆ ನಾನು ಬೈದು ಮರೆಯಬಹುದಿತ್ತು.

ಆ ವಾರವೇ ಕಣಗಳಲ್ಲಿ ಒಕ್ಕಣೆ. ಹೊಸ ನೀರಿನ ಮೊದಲ ಬೆಳೆ; ರಾಶಿ ಎಂದಿಗಿಂತ ಎತ್ತರವಾಗಿತ್ತು. ಪ್ರತಿ ವರ್ಷದಂತೆ ವೀರಾಯಿ ಮೊರ ಹಿಡಿದು ಮಾಮನ ಕಣಕ್ಕೆ ಬಂದು ಒಂದು ಕಡೆ ನಿಂತಳು. ಆಳು ಹೋಗಿ, ನಿನಗೆ ಇಲ್ಲವಂತೆ, ಬೋರ್ಡಿನ ಆಜ್ಞೆಯಂತೆ ಎಂದ. ಅವಳು ಕೇಳಿಸಲಿಲ್ಲವೆಂಬಂತೆ ನಿಂತೇ ಇದ್ದಳು. ಅವಳ ಊಟ ತಮ್ಮ ಪಾಲು ಎಂದಿದ್ದ ಮಾಮ ರಾಶಿಯ ಆಚೆ ಕಡೆ ಯಾರೊಂದಿಗೋ ಮಾತಾಡುತ್ತಿದ್ದರು.

ಕಣದಲ್ಲೇ ಇದ್ದ ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ. ವೀರಾಯಿಯ ಮೇಲೆ ಬರೆದದ್ದು ಸುಳ್ಳು, ಅದಕ್ಕೆ ಸಹಿ ಹಾಕಿದವಳು ನಾನು, ಚಿನ್ನಮ್ಮನಿಗೆ ಬೆಳಿಗ್ಗೆಯೇ ನೋವಿತ್ತು, ಇಲ್ಲಿರುವ ಹೆಂಗಸರಿಗೆಲ್ಲ ಅದು ಗೊತ್ತು ಎಂದೆ. ಒಕ್ಕಣೆಯ ಎತ್ತುಗಳು ನಿಂತವು. ಅತ್ತೆ ನೆಲ ನೋಡಿದರು. ಕಾಲು ಹಿಡಿದಿದ್ದ ಓರಗಿತ್ತಿಯರಲ್ಲಿ ಒಬ್ಬಳು ಕೂಸಿಗೆ ಹಾಲೂಡಿಸುವ ನೆವದಲ್ಲಿ ತಿರುಗಿ ಕೂತಳು. ಮಾಮ ರಾಶಿಯನ್ನು ಬಳಸಿ ಈಚೆ ಬಂದು ಮೆಲ್ಲಗೆ, ಮಗಳೇ, ಕಾಗದದಲ್ಲಿ ನೀನೇ ಒಪ್ಪಿಕೊಂಡಿದ್ದೀಯ ಎಂದರು. ಮತ್ತೆ ಎತ್ತುಗಳನ್ನು ಹೊಡೆಯಲು ಹೇಳಿದರು.

ವೀರಾಯಿ ನನ್ನ ಕಡೆಗೊಮ್ಮೆ ನೋಡಿದಳು. ಖಾಲಿ ಮೊರವನ್ನು ಕಂಕುಳಲ್ಲಿಟ್ಟುಕೊಂಡು ಹೊರಟುಹೋದಳು. ಎರಡು ದಿನದ ನಂತರ ಅವಳ ಗುಡಿಸಲಿಗೆ ಹೋದರೆ ಬಾಗಿಲ ತಟ್ಟಿ ಕಟ್ಟಿತ್ತು. ಆಂಡಿಪಟ್ಟಿಯಲ್ಲಿರುವ ಮಗಳ ಮನೆಗೆ ಹೋದಳೆಂದು ಪಕ್ಕದವರು ಹೇಳಿದರು.

ಪಂಗುಣಿಯಲ್ಲಿ ಪೇಚಿಗೆ ನೋವು ಬಂದಿದೆಯೆಂದು ತಿಳಿದು ಕರೆಯದೆಯೇ ಹೋದೆ. ಅವಳ ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದಳು. ನೀವು ಹೊತ್ತು ಮೀರಿ ಹೋಗಿ ಚೇರ್ಮನ್ನರ ಸೊಸೆ ಸತ್ತಳೆಂದು ಸರ್ಕಾರದ ಕಾಗದದಲ್ಲೇ ಇದೆಯಂತೆ, ನಿಮ್ಮ ಕೈ ನಮಗೆ ಬೇಡ ಎಂದಳು. ಕೈ ಮುಗಿದು ಕೇಳಿದೆ. ಕಾಲು ಮುಂದಾಗಿ ಬರಬಹುದು, ನೋಡಿ ಹೋಗುತ್ತೇನೆ ಅಷ್ಟೆ ಎಂದೆ. ಬಾಗಿಲು ಹಾಕಿದಳು. ನಾನು ಆ ಬೀದಿಯ ಬೇವಿನ ಮರದ ಕೆಳಗೆ ಸಂಜೆಯವರೆಗೆ ಕೂತಿದ್ದೆ. ಒಳಗೆ ಹೆಂಗಸರ ಅಳು ಎದ್ದ ಮೇಲೆ ಮನೆಗೆ ಬಂದೆ.

ಚಿತ್ತಿರೈ ತಿಂಗಳಲ್ಲಿ ಊರು ಬಿಟ್ಟೆ. ದಿಂಡಿಗಲ್ಲಿನ ದೊರೆಸಾನಿ ನನ್ನ ಕಾಗದಕ್ಕೆ ಉತ್ತರ ಕೊಟ್ಟಿದ್ದರು. ತಮ್ಮ ಪರಿಚಯದವರೊಬ್ಬರು ಮೈಸೂರಿನಲ್ಲಿದ್ದಾರೆ, ಅಲ್ಲಿಗೆ ಕಳುಹಿಸುತ್ತೇನೆ, ಬಾ ಎಂದಿದ್ದರು. ದಾರಿಯಲ್ಲಿ ಗಾಡಿಯವನನ್ನು ಕಾಯಲು ಹೇಳಿ ಆಂಡಿಪಟ್ಟಿಯಲ್ಲಿ ಇಳಿದೆ. ಹೊಳೆಯ ನೀರು ಮುಟ್ಟದ ಸೀಮೆ ಅದು. ಕೆಂಪು ಮಣ್ಣು, ಕಪ್ಪು ಕಲ್ಲು, ಬಿಸಿಲು. ಊರಾಚೆಯ ಒಂದು ಗುಡಿಸಲ ಮುಂದೆ ವೀರಾಯಿ ಬೇರೆಯವರ ಹೊಲದ ಹುರುಳಿಕಾಳನ್ನು ಕೂಲಿಗೆ ಕೇರುತ್ತಿದ್ದಳು. ಇಳಿದುಹೋಗಿದ್ದಳು. ಮಗಳು ಬಾಗಿಲಿಗೆ ಬಂದು ನೋಡಿ ಒಳಗೆ ಹೋದಳು.

ಅವ್ವಾ ಎಂದೆ. ವೀರಾಯಿ ಎದ್ದು ನಿಂತು ಕೈ ಮುಗಿದಳು. ಊರಿನಲ್ಲಿ ಆ ವರ್ಷ ಹೆರಬೇಕಾಗಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ಕೇಳಿದಳು. ಕಂಚಮ್ಮನಿಗೆ ಗಂಡು ಎಂದೆ. ಮೇಲುಬೀದಿಯವಳಿಗೆ ಹೆಣ್ಣು, ಚೆನ್ನಾಗಿದ್ದಾರೆ ಎಂದೆ. ಪೇಚಿ ಎಂದಳು.   ತಾಯಿ ಮಗು ಇಬ್ಬರೂ ಉಳಿಯಲಿಲ್ಲ ಎಂದೆ.

“ಕಾಲು ಮುಂದಾಗಿ ಬತ್ತದೆ ಅಂತ ನಿಮ್ಗೆ ಹೇಳಿದ್ನಲ್ಲ ಅಮ್ಮಣಿ.”

ಬಾಗಿಲಿಂದ ಒಳಗೆ ಬಿಡಲಿಲ್ಲ ಎಂದೆ. ಯಾಕೆಂದು ಕೇಳಿದಳು. ಇಂಗ್ಲಿಷ್ ಹಾಳೆಯಲ್ಲಿ ನನ್ನ ಬಗ್ಗೆ ಏನಿತ್ತೆಂದು ಅವಳಿಗೆ ಆವರೆಗೆ ತಿಳಿದಿರಲಿಲ್ಲ. ಹೇಳಿದೆ. ಅವಳು ಮೊರವನ್ನು ಕೆಳಗಿಟ್ಟು ಪೂರ್ತಿ ಕೇಳಿದಳು. ಅವಳ ಮುಖದಲ್ಲಿ ಕೋಪವೂ ಇರಲಿಲ್ಲ, ಕನಿಕರವೂ ಇರಲಿಲ್ಲ. ಹೆರುವವಳ ಹೊಟ್ಟೆ ಮುಟ್ಟಿ ನೋಡುವಾಗ ಅವಳು ಹಾಗೆ ನೋಡುತ್ತಿದ್ದಳು.

“ಹಂಗಾರೆ ನಿಮ್ಮ ಮ್ಯಾಲೂ ಸುಳ್ಳೇ ಬರ್ದವ್ರೆ” ಎಂದಳು. ಮತ್ತೆ, “ನನ್ನ ಮ್ಯಾಲೆ ಬರ್ದಿದ್ದಕ್ಕೂ ನೀವೇ ಕೈಯೆಳುತ್ತು ಹಾಕಿದ್ರಿ. ನಿಮ್ಮ ಮ್ಯಾಲೆ ಬರ್ದಿದ್ದಕ್ಕೂ ನೀವೇ ಹಾಕಿದ್ರಿ” ಎಂದಳು.

 ಅವಳು ಒಳಗೆ ಹೋಗಿ ಒಂದು ಮಡಕೆಯಲ್ಲಿ ನೀರು ತಂದು ಕೊಟ್ಟಳು. ಕುಡಿದೆ. ಕೂರು ಎನ್ನಲಿಲ್ಲ. ಮಡಕೆಯನ್ನು ಇಸಕೊಂಡು, ಬಿಸಿಲೇರುವ ಮೊದಲು ಹೊರಡಿ, ಮುಂದೆ ದಾರಿಯಲ್ಲಿ ನೆರಳಿಲ್ಲ ಎಂದು ಹೇಳಿ, ಮೊರ ಎತ್ತಿಕೊಂಡು ಕಾಳಿನ ಮುಂದೆ ಕೂತಳು.